ಮುಂಬಯಿಗೆ ರಿಟರ್ನ್ ಲೋಡ್

ನಾನು ಕೊಟ್ಟೂರಿನ ಒಂದು ದಲಾಲಿ ಅಂಗಡಿಯಲ್ಲಿ ತೂಕ ಹಾಕುವವನು. ಇಪ್ಪತ್ತಾರು ವರ್ಷದಿಂದ ಅದೇ ಕಾಟಾ, ಅದೇ ಧೂಳು, ಅದೇ ಸಾಹುಕಾರ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಹುಣಸೆಹಣ್ಣು, ಯಾವ ಚೀಲ ಬಂದರೂ ನನ್ನ ಕಣ್ಣ ಮುಂದೆಯೇ ಕಾಟಾ ಏರಿ ಇಳಿಯಬೇಕು. ಮನುಷ್ಯರನ್ನು ಕಂಡರೂ ನನಗೆ ಮೊದಲು ಕಾಣುವುದು ತೂಕ, ಮುಖ ಆಮೇಲೆ. ಇಂಥವನು ರಾಕ್ ಬ್ಯಾಂಡಿನವರ ಖಾಸಗಿ ವಿಮಾನದ ವಿಷಯ ಬರೆಯಲು ಕೂತಿದ್ದಾನೆಂದರೆ ನಗುವವರು ನಗಲಿ. ಹಾಡುವವರು ತಮಗೇ ಒಂದು ವಿಮಾನ ಹಿಡಿದು ಊರೂರು ತಿರುಗಲು ಏನು ಬೇಕು, ಎಷ್ಟು ಖರ್ಚು ಬೀಳುತ್ತದೆ, ಯಾವ ಸಾಮಾನು ಎಲ್ಲಿ ಕೂರುತ್ತದೆ ಎಂಬುದನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ತಾಲೂಕು ಜಾಲಾಡಿದರೂ ನನ್ನಷ್ಟು ತಿಳಿದವರು ಸಿಗಲಾರರು. ಸಿಕ್ಕರೆ ಕಳಿಸಿಕೊಡಿ, ಮಾತಾಡೋಣ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನಗೆ ಜೀವನದಲ್ಲಿ ಒಂದು ಸಲ ವಿಮಾನ ಹತ್ತಬೇಕಿತ್ತು. ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ನಮ್ಮ ಅಂಗಡಿಯ ತಗಡಿನ ಮೇಲೆ, ಬಲು ಎತ್ತರದಲ್ಲಿ, ಒಂದು ವಿಮಾನ ಹಾದುಹೋಗುತ್ತದೆ. ಹಮಾಲರು ಅದನ್ನು ಊಟದ ಗಂಟೆ ಎಂದುಕೊಂಡಿದ್ದಾರೆ. ನಾನು ಮಾತ್ರ ಕತ್ತೆತ್ತಿ ಅದು ಮರೆಯಾಗುವವರೆಗೆ ನೋಡುತ್ತೇನೆ. ಅದರಲ್ಲಿ ಕೂತವರಿಗೆ ನಾವು ಕಾಣುತ್ತೇವೆಯೇ, ಕಂಡರೆ ಎಷ್ಟು ಚಿಕ್ಕವರಾಗಿ ಕಾಣುತ್ತೇವೆ ಎಂದು ತಿಳಿಯುವ ಆಸೆ. ಇದನ್ನು ಒಮ್ಮೆ ಹೆಂಡತಿಗೆ ಹೇಳಿದೆ. "ಕೆಳಗ ನಿಂತು ನೋಡಿದ್ರೂ ನೀವು ಅಷ್ಟ ಕಾಣ್ತೀರಿ" ಎಂದಳು.

ಇನ್ನು ನನ್ನ ಕೆಲಸದ ಒಂದು ಪದ್ಧತಿ. ಕಾಟಾ ತೋರಿಸಿದ ಅಂಕಿಯನ್ನು ಹಾಗೇ ಕೂಗುವುದು ನಮ್ಮ ಅಂಗಡಿಯಲ್ಲಿ ದಡ್ಡರ ಲಕ್ಷಣ. ಗೋಣಿಚೀಲದ ತೂಕ ಎಂದು ಒಂದು ಕಿಲೋ, ಮಣ್ಣು-ತೇವ ಎಂದು ಎರಡು ಕಿಲೋ, ಒಟ್ಟು ಮೂರು ಕಳೆದು ಕೂಗಬೇಕು. ಕಾಟಾದಲ್ಲಿ ಅರವತ್ಮೂರು ಬಂದರೆ ನನ್ನ ಬಾಯಲ್ಲಿ ಅರವತ್ತು. ಈ ಮೂರು ಕಿಲೋ ಎಲ್ಲಿಗೆ ಹೋಗುತ್ತದೆ ಎಂದು ಮೊದಮೊದಲು ಯಾರಾದರೂ ಕೇಳುತ್ತಿದ್ದರು. ಸಾಹುಕಾರ ಅವರಿಗೆ ಚಹಾ ತರಿಸುತ್ತಿದ್ದ. ಗೋಣಿ ಹೋಗಿ ಪ್ಲಾಸ್ಟಿಕ್ ಚೀಲ ಬಂದು, ಅದರ ತೂಕ ನೂರು ಗ್ರಾಮಿಗೆ ಇಳಿದು ಎಷ್ಟೋ ವರ್ಷವಾಯಿತು. ಕಳೆಯುವುದು ಮಾತ್ರ ಇಂದಿಗೂ ಗೋಣಿಯ ಲೆಕ್ಕವೇ. ನಾನು ಮನಸ್ಸಿಟ್ಟು ಮೋಸ ಮಾಡಿದವನಲ್ಲ, ಮನಸ್ಸಿಡದೆ ಮಾಡಿದವನು. ಕಣ್ಣು ಒಂದನ್ನು ನೋಡುತ್ತದೆ, ಬಾಯಿ ಇನ್ನೊಂದನ್ನು ಕೂಗುತ್ತದೆ, ನಡುವೆ ತಲೆ ಎಂಬುದರ ಕೆಲಸವೇ ಇಲ್ಲ.

ಅಂಗಡಿ ಬಿಟ್ಟರೆ ನನಗಿರುವ ಇನ್ನೊಂದು ಲೋಕ ನನ್ನ ಸೋದರಮಾವನ ಡೊಳ್ಳಿನ ಮೇಳ. ಮಾವ ಗುಡೇಕೋಟೆಯ ಹತ್ತಿರದ ಹಳ್ಳಿಯವನು. ಕುರಿ ಇದೆ, ಒಂದಿಷ್ಟು ಹೊಲವಿದೆ, ಹೊಲದ ಬದುವಿನಲ್ಲಿ ನಾಲ್ಕು ಹುಣಸೆಮರ. ಅರವತ್ತೈದು ದಾಟಿದೆ, ಆದರೂ ಡೊಳ್ಳು ಕಟ್ಟಿಕೊಂಡು ನಿಂತರೆ ಪಕ್ಕದಲ್ಲಿ ಹರೆಯದವರು ಏದುಸಿರು ಬಿಡುತ್ತಾರೆ. ಮೇಳದಲ್ಲಿ ಅವನೂ ಸೇರಿ ಆರು ಜನ ಡೊಳ್ಳಿನವರು. ನಾನು ತಾಳದವನು. ತಾಳವಿಲ್ಲದಿದ್ದರೂ ಡೊಳ್ಳು ನಡೆಯುತ್ತದೆ ಎಂದು ಅಲ್ಲಿಯವರೆಗೆ ಯಾರೂ ನನ್ನೆದುರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆರು ಡೊಳ್ಳುಗಳಲ್ಲಿ ಐದು ಮೇಳದವು. ದೊಡ್ಡದೊಂದು ಬೀರಪ್ಪನ ಗುಡಿಯದು, ಮಾವ ಬಾರಿಸುವುದು ಅದನ್ನೇ. ಅದಕ್ಕೆ ಅದರದೇ ಕಟ್ಟಳೆಗಳಿವೆ. ಬರಿ ನೆಲಕ್ಕೆ ಇಡುವಂತಿಲ್ಲ, ಕಂಬಳಿ ಹಾಸಬೇಕು. ಯಾರೂ ದಾಟುವಂತಿಲ್ಲ. ಚಪ್ಪಲಿ ಇರುವಲ್ಲಿ ಸುಳಿಯುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮಾವನ ಮನೆತನದ ಒಬ್ಬರಾದರೂ ಜೊತೆಗಿಲ್ಲದೆ ಅದು ಎಲ್ಲಿಗೂ ಹೋಗುವಂತಿಲ್ಲ. ಬಸ್ಸಿನಲ್ಲಿ ಹೋಗುವಾಗ ಮಾವ ಅದಕ್ಕೊಂದು ಸೀಟು ಹಿಡಿದು ಕೂರಿಸುತ್ತಿದ್ದ. ಕಂಡಕ್ಟರು ಲಗೇಜು ಚೀಟಿ ಹರಿಯಲು ಹೋದರೆ, "ಲಗೇಜ್ ಅಲ್ಲಪ್ಪ ಅದು, ನಮ್ಮ ಹಿರೇರು. ಫುಲ್ ಟಿಕೇಟ್ ಹರಿ" ಎನ್ನುತ್ತಿದ್ದ. ಎಷ್ಟೋ ಸಲ ಡೊಳ್ಳು ಕೂತು, ನಾನು ಹಡಗಲಿಯವರೆಗೆ ನಿಂತು ಹೋದದ್ದಿದೆ.

ಹೋದ ಬೇಸಿಗೆಯಲ್ಲಿ, ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೆ ಹೋಗುವ ದಾರಿಯಲ್ಲಿರುವ ಒಬ್ಬ ಗ್ರಾನೈಟ್ ವ್ಯಾಪಾರಿಯ ತೋಟದಲ್ಲಿ ಅವನ ಮಗನ ಮದುವೆ. ಮಗನಿಗೆ ಕಾಲೇಜಿನ ದಿನದಿಂದ ಮುಂಬಯಿಯ ಒಂದು ರಾಕ್ ಬ್ಯಾಂಡಿನ ಹುಚ್ಚು. ಅಪ್ಪನಿಗೆ ಡೊಳ್ಳಿಲ್ಲದಿದ್ದರೆ ಮದುವೆಯೇ ಅಲ್ಲ. ಇಬ್ಬರಿಗೂ ಸಮಾಧಾನವಾಗಲೆಂದು ಸಂಜೆ ಐದಕ್ಕೆ ನಾವು, ಏಳಕ್ಕೆ ಅವರು ಎಂದು ಗೊತ್ತಾಯಿತು. ನಾವು ಕ್ರೂಸರ್ ಗಾಡಿಯಲ್ಲಿ ಹೋದೆವು. ಅವರು ವಿಮಾನದಲ್ಲಿ ಬಂದರು.

ವಿಮಾನದಲ್ಲಿ ಬಂದರು ಎಂದರೆ ತೋಟದಲ್ಲಿ ಇಳಿದರು ಎಂದಲ್ಲ. ಸಂಡೂರಿನ ಆಚೆ, ಖಾಸಗಿ ವಿಮಾನಗಳು ಇಳಿಯುವ ಒಂದು ಪಟ್ಟಿ ಇದೆ. ಅಲ್ಲಿ ಇಳಿದು, ಮೂರು ಕಾರುಗಳಲ್ಲಿ ಎರಡೂವರೆ ಗಂಟೆ ಅದಿರಿನ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಬಂದರು. ಆಕಾಶದಲ್ಲಿ ಉಳಿಸಿದ ಹೊತ್ತನ್ನು ರಸ್ತೆಗೆ ಬಡ್ಡಿ ಸಮೇತ ಕಟ್ಟಿದರು. ಅದೂ ಹೋಗಲಿ. ಬಂದವರ ಕೈಯಲ್ಲಿ ಎರಡು ಗಿಟಾರು ಬಿಟ್ಟರೆ ಬೇರೇನೂ ಇರಲಿಲ್ಲ. ಡ್ರಮ್ಮು, ಆಳೆತ್ತರದ ಸ್ಪೀಕರು, ವೈರು, ದೀಪ ಎಲ್ಲ ಎರಡು ದಿನ ಮೊದಲೇ ಲಾರಿಯಲ್ಲಿ ಹರಪನಹಳ್ಳಿ ಮಾರ್ಗವಾಗಿ ಬಂದಿದ್ದವು. ಡ್ರೈವರು ಫೋನು ತೋರಿಸಿದ ದಾರಿ ನಂಬಿ ಬಾಗಳಿಯ ಕಲ್ಲೇಶ್ವರ ಗುಡಿಯ ಮುಂದೆ ಹೋಗಿ ನಿಂತಿದ್ದನಂತೆ. ಊರವರು ಊಟ ಹಾಕಿ ಸರಿದಾರಿಗೆ ಬಿಟ್ಟರು. ರಾಕ್ ಬ್ಯಾಂಡು ವಿಮಾನದಲ್ಲಿ ತಿರುಗುತ್ತದೆ ಎಂದು ಎಲ್ಲಾದರೂ ಓದಿದರೆ ನೀವು ತಿಳಿಯಬೇಕಾದದ್ದು ಇಷ್ಟೇ. ವಿಮಾನದಲ್ಲಿ ತಿರುಗುವುದು ಐದು ಜನ. ಬ್ಯಾಂಡು ಲಾರಿಯಲ್ಲೇ ಬರುತ್ತದೆ.

ಈ ವಿದ್ಯೆಯನ್ನೆಲ್ಲ ನನಗೆ ಕಲಿಸಿದವಳು ಅವರ ಮ್ಯಾನೇಜರು. ಬೆಂಗಳೂರಿನ ಹುಡುಗಿ, ಮೂವತ್ತರ ಒಳಗಿನವಳು, ಕಿವಿಯಲ್ಲಿ ಸದಾ ಬಿಳಿಯದೊಂದು ಸಿಕ್ಕಿಸಿಕೊಂಡು ಗಾಳಿಯ ಜೊತೆ ಮಾತಾಡುತ್ತಿದ್ದಳು. ಮದುವೆ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಳು. ತೂಕ ಹಾಕುವವನು ಎಂದು ಹೇಳಿಕೊಂಡದ್ದೇ ತಡ, ಅವಳ ಕಷ್ಟವೆಲ್ಲ ಹೊರಬಂತು.

"ಗಂಟೆ ಲೆಕ್ಕದಲ್ಲಿ ಬಾಡಿಗೆ ಸರ್. ಹೋಗೋದಕ್ಕೂ ದುಡ್ಡು, ಬರೋದಕ್ಕೂ ದುಡ್ಡು, ನಿಲ್ಲಿಸಿದ್ರೂ ದುಡ್ಡು."

ಎರಡು ಗಂಟೆಯ ಬಾಡಿಗೆ ಎಷ್ಟೆಂದು ಕೇಳಿದೆ. ಅವಳು ಹೇಳಿದ ಮೊತ್ತಕ್ಕೆ ಮಾವನ ಊರಿನ ಕಡೆ ಒಂದೆಕರೆ ಒಣಭೂಮಿ ಬರುತ್ತದೆ, ಬದುವಿನ ಹುಣಸೆಮರದ ಸಮೇತ. ಅದರ ಮೇಲೆ ಇಳಿದದ್ದಕ್ಕೊಂದು ಶುಲ್ಕ, ನಿಂತದ್ದಕ್ಕೊಂದು ಶುಲ್ಕ. ಇಬ್ಬರು ಪೈಲಟ್‌ಗಳಿಗೆ ಹೊಸಪೇಟೆಯಲ್ಲಿ ಏಸಿ ಕೋಣೆ. ಅವರು ಇಂತಿಷ್ಟು ಗಂಟೆ ನಿದ್ದೆ ಮಾಡಲೇಬೇಕು ಎಂದು ಕಾನೂನೇ ಇದೆಯಂತೆ. ನಮ್ಮ ಲಾರಿ ಡ್ರೈವರುಗಳಿಗೆ ಈ ಸುದ್ದಿ ಯಾರೂ ಮುಟ್ಟಿಸಿದಂತಿಲ್ಲ. ಆ ಪಟ್ಟಿಯಲ್ಲಿ ಇವರ ವಿಮಾನಕ್ಕೆ ಎಣ್ಣೆ ಸಿಗುವುದಿಲ್ಲ, ಆದ್ದರಿಂದ ತಿರುಗಿ ಹೋಗುವ ಎಣ್ಣೆಯನ್ನೂ ಬರುವಾಗಲೇ ತುಂಬಿಕೊಂಡು ಬರಬೇಕು. ಎಣ್ಣೆ ಜಾಸ್ತಿಯಾದರೆ ಜನ ಕಡಿಮೆಯಾಗಬೇಕು. ಜನ ಜಾಸ್ತಿಯಾದರೆ ಸಾಮಾನು ಬಿಡಬೇಕು. ಇನ್ನು ಬಿಸಿಲು ಏರಿದಷ್ಟೂ ವಿಮಾನದ ತ್ರಾಣ ಇಳಿಯುತ್ತದೆ; ಬೆಳಿಗ್ಗೆ ಎತ್ತಿದಷ್ಟು ಭಾರವನ್ನು ಅದು ಮಧ್ಯಾಹ್ನ ಎತ್ತುವುದಿಲ್ಲ. ಇಷ್ಟು ಕೇಳಿದ ಮೇಲೆ ನನಗೆ ವಿಮಾನದ ಬಗ್ಗೆ ಸಲುಗೆ ಹುಟ್ಟಿತು. ನಮ್ಮ ಹಮಾಲರ ಸ್ವಭಾವವೂ ಅದೇ.

"ಇಷ್ಟು ತ್ರಾಸು ಯಾಕ್ರಿ ಮೇಡಂ, ರೈಲಿನ್ಯಾಗ ಬರಬಾರದೇನು?"

"ಟೈಮ್ ಇಲ್ಲ ಸರ್. ನಿನ್ನೆ ಕೊಚ್ಚೀಲಿ ರೆಕಾರ್ಡಿಂಗ್, ಇವತ್ತು ಇಲ್ಲಿ, ಶನಿವಾರ ಮುಂಬಯಿ. ನಮ್ಮ ಸಿಂಗರ್ ಗಂಟಲು ಬೇರೆ ತುಂಬ ಸೂಕ್ಷ್ಮ."

ಆ ಗಂಟಲಿಗಾಗಿ ಒಂದು ಪಟ್ಟಿಯೇ ಬಂದಿತ್ತು. ಒಂದೇ ಜಾತಿಯ ನೀರಿನ ಬಾಟಲಿ, ಜೇನು, ಹಸಿಶುಂಠಿ, ಹನ್ನೆರಡು ಕಪ್ಪು ಟವೆಲ್ಲು, ವಾಸನೆಯೇ ಇಲ್ಲದ ಒಂದು ಕೋಣೆ. ಮದುವೆಮನೆಯಲ್ಲಿ ವಾಸನೆ ಇಲ್ಲದ ಕೋಣೆ ಎಂದರೆ ಕೊನೆಗೆ ಸಿಮೆಂಟು ಚೀಲ ಇಟ್ಟಿದ್ದ ಕೋಣೆ ತೆರವು ಮಾಡಿಕೊಟ್ಟರು. ಆತ ಅಲ್ಲಿ ಕೂತು ಗಂಟಲು ಕಾಪಾಡಿಕೊಂಡ. ಹೊರಗೆ ಹಲವಾಗಲಿನಿಂದ ಬಂದ ಬೀಗರ ಕಡೆಯ ಹೆಂಗಸರು ಬಿಸಿಲಲ್ಲೇ ನಿಂತು, ಒಂದು ಗುಟುಕು ನೀರೂ ಕುಡಿಯದೆ, ಸೋಬಾನೆ ಹೇಳುತ್ತಿದ್ದರು.

ಐದಕ್ಕೆ ನಾವು ಡೊಳ್ಳು ಎತ್ತಿದೆವು. ಮಾವ ಒಂದು ಸುತ್ತು ಬಾರಿಸುವಷ್ಟರಲ್ಲಿ ಅವರ ಡ್ರಮ್ಮಿನವನು, ಗಡ್ಡದ ಹುಡುಗ, ಬೂಟು ಬಿಚ್ಚದೆ ಹತ್ತಿರ ಬಂದು ದೊಡ್ಡ ಡೊಳ್ಳು ಮುಟ್ಟಬಹುದೇ ಎಂದು ಸನ್ನೆ ಮಾಡಿದ. ಮಾವ ನನ್ನ ಕಡೆ ನೋಡಿ, "ಕಾಲು ತೊಳಕಂಡು ಬಾ ಅನ್ನು ಅವಗ" ಎಂದ. ಅವನು ಮರುಮಾತಿಲ್ಲದೆ ನಲ್ಲಿಗೆ ಹೋಗಿ ಕಾಲು ತೊಳೆದು ಬಂದ. ಆಮೇಲೆ ಇಬ್ಬರೂ ಎದುರುಬದುರು ನಿಂತು ಮುಕ್ಕಾಲು ಗಂಟೆ ಬಾರಿಸಿದರು. ಭಾಷೆ ಬಾರದ ಇಬ್ಬರು ಅಷ್ಟು ಹೊತ್ತು ಜಗಳವಿಲ್ಲದೆ ಮಾತಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ವಾಸನೆ ಇಲ್ಲದ ಕೋಣೆಯಿಂದ ಸಿಂಗರು ಕೂಡ ಎದ್ದು ಬಂದು ಧೂಳಿನಲ್ಲಿ ಕುಣಿದ. ಗಂಟಲಿನ ನೆನಪು ಅವನಿಗೆ ಆಗ ಬರಲಿಲ್ಲ.

ಮರುದಿನ ಬೆಳಿಗ್ಗೆ ಮ್ಯಾನೇಜರು ಕೊಟ್ಟೂರಿನ ನಮ್ಮ ಅಂಗಡಿಗೇ ಬಂದಳು. ಶನಿವಾರ ಮುಂಬಯಿಯ ಕಾರ್ಯಕ್ರಮದಲ್ಲಿ ಹತ್ತು ನಿಮಿಷ ನಮ್ಮ ಡೊಳ್ಳು ಬೇಕಂತೆ. ಅಲ್ಲೇ ಇದ್ದ ಮಾವ, "ಹೊಸಪ್ಯಾಟಿಯಿಂದ ಬಸ್ ಐತಿ, ಬರ್ತೀವಿ ಬಿಡವ್ವಾ" ಎಂದ.

"ಬಸ್ ಬೇಡ ತಾತ. ವಿಮಾನ ನಾಳೆ ಹೇಗೂ ಮುಂಬಯಿಗೆ ಖಾಲಿ ಹೋಗ್ತಿದೆ."

ಖಾಲಿ ಯಾಕೆಂದು ಕೇಳಿದೆ. ಹಾಡುವವರಿಗೆಲ್ಲ ಹಂಪಿ ನೋಡುವ ಮನಸ್ಸಾಗಿದೆ, ಶುಕ್ರವಾರ ರಾತ್ರಿಯವರೆಗೆ ಅಲ್ಲೇ ಇದ್ದು, ಹುಬ್ಬಳ್ಳಿಯಿಂದ ಎಲ್ಲರಂತೆ ಟಿಕೆಟು ತೆಗೆದುಕೊಂಡು ಹೋಗುತ್ತಾರಂತೆ. ವಿಮಾನಕ್ಕೆ ಹಂಪಿ ನೋಡುವ ಆಸೆ ಇರಲಿಲ್ಲ. ಅದಕ್ಕೆ ಶುಕ್ರವಾರ ಮಧ್ಯಾಹ್ನ ಮುಂಬಯಿಯಲ್ಲಿ ಬೇರೆ ಗಿರಾಕಿ. ಖಾಲಿ ಹೋದರೂ ಬಾಡಿಗೆ ಅಷ್ಟೇ. ಒಂದು ಕ್ಷಣದಲ್ಲಿ ನನಗೆಲ್ಲ ಅರ್ಥವಾಯಿತು. ದಾವಣಗೆರೆಗೆ ಮೆಕ್ಕೆಜೋಳ ಇಳಿಸಿದ ಲಾರಿ ಖಾಲಿ ಬರಬಾರದೆಂದು ಗೊಬ್ಬರ ಹೇರಿಕೊಂಡು ಬರುವುದಿಲ್ಲವೇ, ಹಾಗೆ. ನಾವು ರಿಟರ್ನ್ ಲೋಡು. ಗೊಬ್ಬರವಾದರೇನು, ವಿಮಾನ ವಿಮಾನವೇ. ನನ್ನ ಎದೆ ಡೊಳ್ಳಿಗಿಂತ ಜೋರಾಗಿ ಬಡಿಯತೊಡಗಿತು.

ಏಳು ಸೀಟು, ನಾವು ಏಳು ಜನ. ಮೇಳದ ಐದು ಡೊಳ್ಳು ಅವರ ಲಾರಿಯಲ್ಲಿ ಆಗಲೇ ಹೊರಟವು. ಗುಡಿಯ ಡೊಳ್ಳು ಮಾತ್ರ ನಮ್ಮ ಜೊತೆಗೆ, ಸೀಟುಗಳ ನಡುವೆ ಕಂಬಳಿ ಹಾಸಿ ಇಡುವುದೆಂದು ಮಾವನನ್ನು ಒಪ್ಪಿಸಿದೆ. ಮ್ಯಾನೇಜರು ಹೇಳಿದ್ದು ಒಂದೇ. ಜನ, ಚೀಲ, ಡೊಳ್ಳು ಎಲ್ಲ ಸೇರಿ ಆರುನೂರು ಕಿಲೋ ಮೀರಬಾರದು. ಪ್ರತಿಯೊಂದರ ತೂಕ ಇವತ್ತೇ ಪೈಲಟ್‌ಗೆ ಕಳಿಸಬೇಕು. "ನೀವಿದ್ದೀರಲ್ಲ ಸರ್, ನನಗೆ ಚಿಂತೆ ಇಲ್ಲ" ಎಂದು ನಕ್ಕು ಹೋದಳು. ಇಪ್ಪತ್ತಾರು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಒಂದು ಒಳ್ಳೆಯ ಮಾತು ಕೇಳಿದ್ದು ಅದೇ ಮೊದಲು.

ಮಧ್ಯಾಹ್ನ ವ್ಯಾಪಾರ ಮುಗಿದ ಮೇಲೆ ಮೇಳದವರೆಲ್ಲ ಅಂಗಡಿಗೆ ಬಂದರು. ಒಬ್ಬೊಬ್ಬರಾಗಿ ಕಾಟಾ ಏರಿದರು. ಹಮಾಲರು ಸುತ್ತ ನಿಂತು ಒಬ್ಬೊಬ್ಬನಿಗೂ ದರ ಕೂಗಿದರು. ನಾನು ಠೀವಿಯಿಂದ ನೋಡುತ್ತಿದ್ದೆ, ಕೂಗುತ್ತಿದ್ದೆ, ಬರೆಯುತ್ತಿದ್ದೆ. ಮಾವ ಏರಿದಾಗ ಐವತ್ತೆಂಟು ಎಂದೆ.

"ಬರೇ ಐವತ್ತೆಂಟಾ? ಕುರಿ ಸಂತ್ಯಾಗ ಮೊನ್ನಿ ನಿಂತಾಗ ಅರವತ್ತೊಂದು ಇದ್ನೆಲ್ಲೋ."

"ವಯಸ್ಸಾದಂಗ ಇಳೀತೈತಿ ಮಾವ."

ಏಳು ಜನ, ಅವರ ಏಳು ಚೀಲ, ಗುಡಿಯ ಡೊಳ್ಳು. ಹದಿನಾರನೆಯದು ನನ್ನ ಹೆಂಡತಿ ಕಟ್ಟಿಕೊಟ್ಟ ಬುತ್ತಿಯ ಚೀಲ. ಮುಂಬಯಿಯಲ್ಲಿ ಜನ ಏನು ತಿನ್ನುತ್ತಾರೋ ಎಂದು ಅವಳು ಎರಡು ದಿನಕ್ಕೆ ಏಳು ಜನರಿಗಾಗುವಷ್ಟು ಕಟಿರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ, ಒಂದು ಡಬ್ಬಿ ಉಂಡೆ ಎಲ್ಲ ಸೇರಿಸಿದ್ದಳು. ಒಟ್ಟು ಕೂಡಿಸಿದೆ. ಐನೂರ ತೊಂಬತ್ತಾರು. ನಾಲ್ಕು ಕಿಲೋ ಉಳಿಯಿತಲ್ಲ ಎಂದು ಅರ್ಧ ಕಿಲೋ ಬೆಣ್ಣೆಯನ್ನೂ ಹಾಕಿಸಿದೆ. ಆ ಸಂಜೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಿಂದ ಹಿಡಿದು ಕ್ಷೌರದಂಗಡಿಯವರೆಗೆ, ನಾನು ನಾಳೆ ವಿಮಾನದಲ್ಲಿ ಹೋಗುವುದು ಗೊತ್ತಿಲ್ಲದವರು ಕೊಟ್ಟೂರಿನಲ್ಲಿ ಒಬ್ಬರೂ ಉಳಿಯದಂತೆ ನೋಡಿಕೊಂಡೆ. ಹನ್ನೆರಡೂವರೆಗೆ ಮೇಲೆ ನೋಡಿ ಕೈ ಬೀಸಿರಿ ಎಂದು ಹಮಾಲರಿಗೆ ಹೇಳಿದೆ. ನಮ್ಮ ವಿಮಾನ ಆ ದಾರಿಯಲ್ಲಿ ಹೋಗುವುದೇ ಇಲ್ಲ ಎಂಬುದು ನನಗೂ ಗೊತ್ತಿತ್ತು.

ಶುಕ್ರವಾರ ಕೂಡ್ಲಿಗಿ, ಸಂಡೂರು ದಾಟಿ ಕ್ರೂಸರಿನಲ್ಲಿ ಪಟ್ಟಿ ತಲುಪಿದಾಗ ಹತ್ತೂವರೆ. ನನ್ನ ಮೈಮೇಲೆ ಹೊಸ ಬಿಳಿ ಅಂಗಿ. ವಿಮಾನ ನಾನಂದುಕೊಂಡದ್ದಕ್ಕಿಂತ ಬಹಳ ಚಿಕ್ಕದು, ಆದರೆ ಚೆಂದವಿತ್ತು. ಮೂರೇ ಮೆಟ್ಟಿಲು. ಒಳಗೆ ಹಾಲಿನ ಕೆನೆಯ ಬಣ್ಣದ ಸೀಟುಗಳು ಕಾಣುತ್ತಿದ್ದವು. ಬಾಗಿಲ ಪಕ್ಕದ ಕಿಟಕಿ ನನ್ನದೆಂದು ದೂರದಿಂದಲೇ ಗುರುತು ಮಾಡಿಕೊಂಡೆ.

ಪೈಲಟ್‌ಗಳಲ್ಲಿ ಒಬ್ಬ ಚಪ್ಪಟೆಯಾದ ಒಂದು ಕಾಟಾ ತಂದು ನೆಲದ ಮೇಲಿಟ್ಟ. ಬಿಸಿಲು ಏರಿದೆ, ಇನ್ನೊಮ್ಮೆ ನೋಡಿಬಿಡೋಣ ಎಂದ. ಮೊದಲನೆಯವನು ನಿಂತ. ನಾನು ಬರೆದದ್ದಕ್ಕಿಂತ ಮೂರು ಕಿಲೋ ಹೆಚ್ಚು. ಬೆಳಿಗ್ಗೆ ಕೂಡ್ಲಿಗಿಯಲ್ಲಿ ಮಂಡಕ್ಕಿ ಮಿರ್ಚಿ ಜಾಸ್ತಿ ತಿಂದಿದ್ದಾನೆ ಎಂದು ನಕ್ಕೆವು. ಎರಡನೆಯವನೂ ಮೂರು ಹೆಚ್ಚು. ಮೂರನೆಯದು ಚೀಲ, ಚೀಲ ಮಿರ್ಚಿ ತಿನ್ನುವುದಿಲ್ಲ, ಅದೂ ಮೂರು ಹೆಚ್ಚು. ಅಷ್ಟರಲ್ಲಿ ನನ್ನ ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಪೈಲಟ್ ತನ್ನ ಕಾಟಾದ ಮೇಲೆಯೇ ಸಂಶಯಪಟ್ಟು, ತಾನೇ ಹತ್ತಿ ಇಳಿದು, ಸರಿಯಾಗಿದೆ ಎಂದ. ಹದಿನಾರು ಸಲ ಮೂರು. ನಲವತ್ತೆಂಟು. ಈ ಗುಣಾಕಾರ ಮಾಡಲು ನನಗೆ ಯಾವ ಯಂತ್ರವೂ ಬೇಕಾಗಿರಲಿಲ್ಲ.

ಮಾವ ಕಾಟಾದ ಮೇಲೆ ನಿಂತಿದ್ದ. ಅಂಕಿ ಅರವತ್ತೊಂದು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ.

"ನಮ್ಮನ್ನೂ ಚೀಲ ಅಂತ ತೂಗಿದ್ಯೇನಲೇ?"

ಅವನು ಕೆಳಗಿಳಿದು ಟವೆಲ್ಲು ಹೆಗಲಿಗೆ ಹಾಕಿಕೊಂಡ. ದನಿ ಏರಿಸದೆ ಕೇಳಿದ. "ವರ್ಷ ವರ್ಷ ನಾ ತರೋ ಹುಣಸಿಹಣ್ಣಿಗೂ ಇದ ಲೆಕ್ಕೇನು?"

ಅದಕ್ಕೂ ಇದೇ ಲೆಕ್ಕ. ಇಪ್ಪತ್ತಾರು ವರ್ಷದಿಂದ ಅವನು ತನ್ನ ಹುಣಸೆ, ಶೇಂಗಾ ಎಲ್ಲವನ್ನೂ ಬೇರೆ ಅಂಗಡಿಗೆ ಒಯ್ಯದೆ ನಮ್ಮಲ್ಲಿಗೇ ತರುತ್ತಿದ್ದ. ಅಳಿಯ ತೂಗುತ್ತಾನೆ ಎಂಬ ಒಂದೇ ಕಾರಣಕ್ಕೆ. ಆ ಬಿಸಿಲಲ್ಲಿ ನನಗೆ ಆದ ನಾಚಿಕೆಯನ್ನು ತಮಾಷೆ ಮಾಡಿ ಬರೆಯಲು ನನ್ನಿಂದ ಆಗುವುದಿಲ್ಲ.

ಪೈಲಟ್‌ಗೆ ನಮ್ಮ ಮನೆತನದ ವ್ಯವಹಾರ ಬೇಕಿರಲಿಲ್ಲ. ಆರುನೂರಕ್ಕೆ ನಲವತ್ನಾಲ್ಕು ಕಿಲೋ ಹೆಚ್ಚು, ಇಳಿಸಿ ಎಂದ. ಬೆಣ್ಣೆಯ ಅರ್ಧ ಕಿಲೋವನ್ನು ಅವನು ದೊಡ್ಡ ಮನಸ್ಸು ಮಾಡಿ ಲೆಕ್ಕಕ್ಕೆ ಹಿಡಿಯಲಿಲ್ಲ. ತಂಪು ಹೊತ್ತಿಗೆ ಹೊರಟರೆ ಆಗದೇ ಎಂದು ಮ್ಯಾನೇಜರು ಕೇಳಿದಳು. ಮುಂಬಯಿಯ ಗಿರಾಕಿ ಕಾಯುತ್ತಾನೆ ಎಂದ. ಮೊದಲು ಬುತ್ತಿಯ ಚೀಲ ಇಳಿಯಿತು, ಹದಿನೆಂಟು ಕಿಲೋ. ಇನ್ನು ಇಪ್ಪತ್ತಾರು. ಮಿಕ್ಕ ಚೀಲಗಳಲ್ಲಿದ್ದದ್ದು ಕಂಬಳಿ, ಕಾಲಿಗೆ ಕಟ್ಟುವ ಗಗ್ಗರ, ಕುಣಿತದ ವೇಷ. ಅವಿಲ್ಲದೆ ಹೋಗಿ ಮಾಡುವುದೇನು? ಗುಡಿಯ ಡೊಳ್ಳಿನ ತೂಕ ಸರಿಯಾಗಿ ಇಪ್ಪತ್ತಾರು. ಎಲ್ಲರ ಕಣ್ಣೂ ಅದರ ಮೇಲೆ ಹೋಗಿ, ಹೋದಷ್ಟೇ ಬೇಗ ಬೇರೆ ಕಡೆ ತಿರುಗಿದವು.

"ತಾತ, ಮುಂಬಯಿಯಲ್ಲಿ ಬೇರೆ ಡೊಳ್ಳು ಕೊಡಿಸ್ತೀನಿ, ಇದನ್ನ ಇಲ್ಲೇ ಬಿಡಬಹುದಾ?" ಎಂದು ಮ್ಯಾನೇಜರು ಮೆಲ್ಲಗೆ ಕೇಳಿದಳು.

"ಕರೆ ಬಂದಿದ್ದು ಅದಕ್ಕವ್ವಾ. ನಾವು ಹೊತ್ಕಂಡು ಬಂದೋರು" ಎಂದ ಮಾವ. ಸಿಟ್ಟಿನಿಂದಲ್ಲ, ದಾರಿ ತೋರಿಸುವವನ ಹಾಗೆ ಹೇಳಿದ. ಆಮೇಲೆ, "ನಾ ಇಳೀತೀನಿ ತಗಾ. ನಂಗ ವಯಸ್ಸಾತು" ಎಂದು ಸೇರಿಸಿದ. ಅವನಿಲ್ಲದೆ ಮೇಳವೇ ಇಲ್ಲ; ಅದು ಅವನಿಗೂ ಗೊತ್ತು, ಮ್ಯಾನೇಜರಿಗೂ ಗೊತ್ತು.

"ನಾನ ಇಳೀತೀನಿ" ಎಂದೆ.

ಅಂದ ಮೇಲೆ ಕಾದೆ. ಯಾರಾದರೂ ಬೇಡ ಬಿಡೋ ಎನ್ನುತ್ತಾರೆ, ತಾಳವಿಲ್ಲದೆ ಹೇಗೆ ಎನ್ನುತ್ತಾರೆ ಎಂದು ಕಾದೆ. ಒಬ್ಬ ತನ್ನ ಗಗ್ಗರದ ಗಂಟು ಬಿಗಿ ಮಾಡಿಕೊಂಡ. ಇನ್ನೊಬ್ಬ ವಿಮಾನದ ಚಕ್ರ ನೋಡಿದ. ಮೇಳದಲ್ಲಿ ನನ್ನ ತೂಕ ಎಷ್ಟೆಂದು ಆ ಅರ್ಧ ನಿಮಿಷದಲ್ಲಿ ಗೊತ್ತಾಯಿತು, ಅದರಲ್ಲಿ ಮೂರು ಕಳೆಯುವ ಅಗತ್ಯವೂ ಇರಲಿಲ್ಲ. ನನ್ನ ಚೀಲವನ್ನು ಎತ್ತಿ ಬೇರೆ ಕಡೆ ಇಟ್ಟೆ.

ಪೈಲಟ್ ಕೂಡಲೇ ಲೆಕ್ಕ ಸರಿಮಾಡಿದ. ನಾನು ಎಪ್ಪತ್ತೆರಡು, ನನ್ನ ಚೀಲ ಒಂಬತ್ತು. ಎಂಬತ್ತೊಂದು ಕಿಲೋ ಇಳಿದದ್ದರಿಂದ ಬುತ್ತಿಯ ಚೀಲಕ್ಕೆ ಮತ್ತೆ ಜಾಗ ಸಿಕ್ಕಿತು. ಅಂದರೆ ನನ್ನ ಹೆಂಡತಿ ಮಾಡಿದ ರೊಟ್ಟಿ ವಿಮಾನ ಹತ್ತಿತು. ಖಾಲಿಯಾದ ನನ್ನ ಸೀಟು ನೋಡಿ ಮಾವ, "ಹಿರೇರನ್ನ ಅಲ್ಲೇ ಕುಂದ್ರಸು" ಎಂದ. ಭಾರ ನೋಡುವುದು ನನ್ನ ಉದ್ಯೋಗ, ಹಾಗಾಗಿ ನಾನೇ ಚಪ್ಪಲಿ ಬಿಟ್ಟು, ಡೊಳ್ಳು ಎತ್ತಿಕೊಂಡು, ಆ ಮೂರು ಮೆಟ್ಟಿಲು ಏರಿದೆ. ಸೀಟಿನ ಮೇಲೆ ಕಂಬಳಿ ಹಾಸಿ ಕೂರಿಸಿದೆ. ಬೆಲ್ಟು ಹಾಕುವುದು ತಿಳಿಯದೆ ತಡವರಿಸಿದಾಗ ಪೈಲಟ್ ತೋರಿಸಿಕೊಟ್ಟ. ಡೊಳ್ಳಿನ ಹೊಟ್ಟೆಯ ಸುತ್ತ ಬಿಗಿದೆ. ಬಗ್ಗಿ ನಿಂತಿದ್ದರಿಂದ ಕಿಟಕಿಯಲ್ಲಿ ನೆಲ ಮಾತ್ರ ಕಾಣಿಸಿತು, ನನ್ನ ಎರಡು ಚಪ್ಪಲಿ ಸಮೇತ. ನಾನು ವಿಮಾನದೊಳಗೆ ಇದ್ದದ್ದು ಅಷ್ಟೇ ಹೊತ್ತು.

ವಿಮಾನ ಓಡಿ ಎದ್ದಿತು. ಎಷ್ಟು ಬೇಗ ಚಿಕ್ಕದಾಯಿತೆಂದರೆ ಕೈ ಬೀಸಲೂ ನೆನಪಾಗಲಿಲ್ಲ. ಕ್ರೂಸರಿನವನು ಬೀಡಿ ಆರಿಸಿ, "ಖಾಲಿ ಹೋಗಬೇಕಲ್ಲ ಅಂತಿದ್ದೆ, ನೀವಾರ ಸಿಕ್ರಿ, ಬರ್ರಿ" ಎಂದ. ರಿಟರ್ನ್ ಲೋಡು ಎಂದು ಹೇಳಿಕೊಂಡವನು ಕೊನೆಗೂ ರಿಟರ್ನ್ ಲೋಡೇ ಆದೆ. ಕೊಟ್ಟೂರಿನಲ್ಲಿ ಮುಖ ತೋರಿಸುವ ಧೈರ್ಯವಿಲ್ಲದೆ ಭಾನುವಾರದವರೆಗೆ ಹರಪನಹಳ್ಳಿಯ ತಂಗಿಯ ಮನೆಯಲ್ಲಿ ಅವಿತುಕೊಂಡಿದ್ದೆ. ತಂಗಿ ಏನೂ ಕೇಳದೆ ಎರಡು ಹೊತ್ತು ಅನ್ನ ಹಾಕಿದಳು. ಸೋಮವಾರ ಅಂಗಡಿಗೆ ಹೋದರೆ, ಮುಂಬಯಿಯ ಕಾರ್ಯಕ್ರಮದ ವೀಡಿಯೋ ನನಗಿಂತ ಮೊದಲೇ ಹಮಾಲರ ಫೋನಿಗೆ ಬಂದಿತ್ತು. ಅದರಲ್ಲಿ ನಮ್ಮ ಮೇಳದವರು ಆರೇ ಜನ ಇದ್ದರು. ಕುಣಿತ ಚೆನ್ನಾಗಿತ್ತು, ತಾಳದ ಕೊರತೆ ಎಲ್ಲೂ ಕಾಣಲಿಲ್ಲ.

ಹತ್ತು ದಿನ ಬಿಟ್ಟು ಮಾವ ಹುಣಸೆಹಣ್ಣು ತಂದ. ನಾಲ್ಕು ಚೀಲ. ಅವನು ಬರುತ್ತಾನೆಂದು ನಾನು ಎಣಿಸಿರಲಿಲ್ಲ. ಆ ಸಾಲಿನಲ್ಲೇ ಬೇರೆ ಅಂಗಡಿಗಳು ಬೇಕಾದಷ್ಟಿವೆ. ಅವನ ಹಿಂದೆ ಇನ್ನೂ ನಾಲ್ಕೈದು ಜನ ರೈತರು ಸಾಲಾಗಿ ನಿಂತಿದ್ದರು. ಸಾಹುಕಾರ ಗಾದಿಯ ಮೇಲೆ ಕೂತು ಫೋನು ನೋಡುತ್ತಿದ್ದ.

"ಮ್ಯಾಲಿಂದ ನಿಮ್ಮ ಅಂಗಡಿ ಹುಡುಕಿದೆ, ಕಾಣಲಿಲ್ಲಲೇ" ಎಂದ ಮಾವ.

"ನಾನು?"

"ಅಂಗಡೀನ ಕಾಣಲಿಲ್ಲ ಅಂದ್ರ ನೀ ಹೆಂಗ ಕಾಣ್ತಿ." ಅಂಗಿಯ ಜೇಬಿನಿಂದ ಒಂದು ಸಣ್ಣ ಪೊಟ್ಟಣ ತೆಗೆದ. ವಿಮಾನದಲ್ಲಿ ಸೀಟಿಗೊಂದರಂತೆ ಕೊಟ್ಟ ಗೋಡಂಬಿ. "ನಿನ್ನ ಸೀಟಿಂದು. ಹಿರೇರು ತಿನ್ನಂಗಿಲ್ಲಲ್ಲ, ಇಸ್ಕಂಡು ಇಟಗಂಡಿದ್ದೆ." ನನ್ನ ಕೈಗೆ ಕೊಡದೆ ಅದನ್ನು ಕಾಟಾದ ಮೇಲಿಟ್ಟ. "ತೂಗು."

"ಇಷ್ಟಕ್ಕ ಅಂಕಿ ಬೀಳಂಗಿಲ್ಲ ಮಾವ."

"ಬಿದ್ದಷ್ಟು ಹೇಳು. ಚೀಲ ಕಳೀಬ್ಯಾಡ."

ಪೊಟ್ಟಣ ತೆಗೆದು ಜೇಬಿಗೆ ಹಾಕಿಕೊಂಡೆ. ಹಮಾಲರು ಮೊದಲನೆಯ ಹುಣಸೆಚೀಲ ಏರಿಸಿದರು. ಕಾಟಾದಲ್ಲಿ ಅರವತ್ಮೂರು ಬಂತು. ಬಾಯಿ ಆಗಲೇ ಅರವತ್ತಕ್ಕೆ ತೆರೆದುಕೊಂಡಿತ್ತು. ಮಾವ ಅಂಕಿಯ ಕಡೆ ನೋಡುತ್ತಲೇ ಇರಲಿಲ್ಲ, ನನ್ನ ಮುಖ ನೋಡುತ್ತಿದ್ದ.

"ಅರವತ್ಮೂರು" ಎಂದು ಕೂಗಿದೆ.

ಸಾಹುಕಾರ ಫೋನಿನಿಂದ ತಲೆ ಎತ್ತಿದ. ಮಾವನ ಹಿಂದೆ ನಿಂತಿದ್ದ ರೈತ ಒಂದು ಕ್ಷಣ ಕಾಟಾ ನೋಡಿ, ನನ್ನನ್ನು ನೋಡಿ, ತನ್ನ ಚೀಲವನ್ನು ಎಳೆದುಕೊಂಡು ಮುಂದೆ ಬಂದ.